ಆಮ್ರಪಾಲಿ ಸ್ವಿಚ್ ಯಾಕೆ ಹಾಕಲಿಲ್ಲ

ಮುಡಬಿಯಲ್ಲಿ ಕರೆಂಟ್ ಹೋಯಿತೆಂದರೆ ಜನ ಮೊದಲು ಬಯ್ಯುತ್ತಿದ್ದದ್ದು ಆಮ್ರಪಾಲಿಯನ್ನು. ಊರ ಹೊರಗೆ, ತೊಗರಿ ಹೊಲಗಳ ನಡುವಿನ ಸಬ್‌ಸ್ಟೇಷನ್ನಿನಲ್ಲಿ ಆಕೆ ಆಪರೇಟರ್.

ಆಕೆ ನಿರ್ಣಾ ಎಂಬ ಊರಿನ ಹುಡುಗಿ. ಕೆಲಸ ಸಿಕ್ಕಾಗ ತವರಿನವರೆಲ್ಲ ಕುಣಿದಾಡಿದ್ದರು. ಆದರೆ ಮುಡಬಿಯಲ್ಲಿ ಬಾಡಿಗೆಗೆ ಕೋಣೆ ಸಿಗುವುದೇ ಕಷ್ಟವಾಯಿತು. ಮೂರ್ನಾಲ್ಕು ಮನೆಯವರು ಹೆಸರು ಕೇಳಿದರು, ಅಪ್ಪನ ಹೆಸರು ಕೇಳಿದರು, ಆಮೇಲೆ "ಖಾಲಿ ಇಲ್ಲ" ಅಂದರು. ಕಡೆಗೆ ಹಿಟ್ಟಿನ ಗಿರಣಿಯ ಕೇಶರಬಾಯಿ ತನ್ನ ಅಂಗಳದ ಕೋಣೆ ಕೊಟ್ಟಳು. ಶುರುವಿಗೆ ಎಲ್ಲ ಚೆನ್ನಾಗಿತ್ತು. ಸೊಸೆ ವರ್ಷಾ ಬಿಸಿ ರೊಟ್ಟಿ ಕಳಿಸುತ್ತಿದ್ದಳು. ಮೊಮ್ಮಗಳು ಪೂನಂ ಶಾಲೆಯಿಂದ ಬಂದವಳೇ ಆಮ್ರಪಾಲಿಯ ಕೋಣೆಗೆ ಓಡುತ್ತಿದ್ದಳು.

ಬೇಸಿಗೆ ಬಂತು. ಪಕ್ಕದ ಮನೆಯಲ್ಲಿ ಮದುವೆ. ಅರಿಶಿನದ ಶಾಸ್ತ್ರ ನಡೆದಿರುವಾಗಲೇ ಕರೆಂಟ್ ಹೋಯಿತು. ಹಾಡು ನಿಂತಿತು, ಫ್ಯಾನು ನಿಂತಿತು. ಬೀಗರು ಬೆವರು ಒರೆಸಿಕೊಳ್ಳುತ್ತ ಕೂತರು. ಅಂದು ಡ್ಯೂಟಿಯಲ್ಲಿ ಇದ್ದವಳು ಆಮ್ರಪಾಲಿಯೇ. ಸಂಜೆ ಆಕೆ ಮನೆಗೆ ಬಂದರೆ ಅಂಗಳದ ಮಾತುಗಳೆಲ್ಲ ಒಮ್ಮೆಲೇ ನಿಂತವು.

"ಮದುವಿ ಮನಿ ಅಂತ ಗೊತ್ತಿತ್ತಲ್ಲ? ಒಂದ್ ತಾಸು ಬಿಟ್ಟಿದ್ರ ನಿನ್ನ ಗಂಟೇನು ಹೋಗ್ತಿತ್ತು?" ಅಂದಳು ಕೇಶರಬಾಯಿ.

"ನನ್ನ ಕೈಯಾಗ ಇರಲ್ಲ ಕಾಕು. ಮ್ಯಾಲಿಂದ ಫೋನ್ ಬರ್ತದ, ಲೋಡ್ ಕಮ್ಮಿ ಮಾಡ್ರಿ ಅಂತ."

"ಮ್ಯಾಲಿಂದ ಅಂದ್ರ ಯಾರು? ದೇವರೇನು?"

ಎಲ್ಲರೂ ನಕ್ಕರು. ಆಮ್ರಪಾಲಿ ಕೋಣೆಯ ಬಾಗಿಲು ಎಳೆದುಕೊಂಡಳು.

ಆಮೇಲೆ ರೊಟ್ಟಿ ಬರುವುದು ನಿಂತಿತು. ನಲ್ಲಿಯ ಹತ್ತಿರ ಆಕೆ ಕೊಡ ಇಟ್ಟರೆ ಹೆಂಗಸರು ಮಾತು ಬದಲಿಸುತ್ತಿದ್ದರು. ಪೂನಂಗೂ ಬುದ್ಧಿ ಹೇಳಿದ್ದರೇನೋ, ಹುಡುಗಿ ಬಾಗಿಲ ತನಕ ಬಂದು ನಿಂತು, ನೋಡಿ, ಹೊರಟುಹೋಗುತ್ತಿತ್ತು. ಆಮ್ರಪಾಲಿ ಒಬ್ಬಳೇ ಉಣ್ಣುತ್ತಿದ್ದಳು, ಒಬ್ಬಳೇ ಡ್ಯೂಟಿಗೆ ನಡೆಯುತ್ತಿದ್ದಳು. ಸ್ಟೇಷನ್ನಿನಲ್ಲಿ ದೊಡ್ಡ ಟ್ರಾನ್ಸ್‌ಫಾರ್ಮರಿನ ಗುಂಯ್ ಶಬ್ದ ಬಿಟ್ಟರೆ ಮಾತಾಡಲು ಫೋನೊಂದೇ. ಅದರಲ್ಲಿ ಬರುವ ಹುಮನಾಬಾದಿನ ದೊಡ್ಡ ಸ್ಟೇಷನ್ನಿನ ದನಿ ಬರೀ ಲೋಡಿನ ಲೆಕ್ಕ ಕೇಳುತ್ತಿತ್ತು, ಇಟ್ಟುಬಿಡುತ್ತಿತ್ತು. ಒಮ್ಮೊಮ್ಮೆ ಆಕೆಗೆ ಆ ದನಿಯನ್ನೇ ತಡೆದು, "ಊಟ ಆಯ್ತೇನ್ರಿ?" ಅಂತ ಕೇಳಬೇಕು ಅನ್ನಿಸುತ್ತಿತ್ತು. ಕೇಳಲಿಲ್ಲ.

ಮೇ ತಿಂಗಳ ಒಂದು ಮಧ್ಯಾಹ್ನ ಗಾಳಿ ಎದ್ದಿತು. ಕೆಂಧೂಳಿನ ಹಿಂದೆ ಮಳೆ. ತಂತಿಯ ಮೇಲೆ ಎಲ್ಲೋ ಮರ ಬಿದ್ದು ಮುಡಬಿಯ ಲೈನು ತಾನಾಗಿ ಬಂದ್ ಆಯಿತು. ಲೈನ್‌ಮನ್ ಉತ್ತಮ ಓಡಿಬಂದ.

"ಹಳ್ಳದ ಕಡೆ ಜಾಲಿ ಗಿಡ ಬಿದ್ದದ ಮೇಡಂ. ಎಲ್‌ಸಿ ಕೊಡ್ರಿ."

ಎಲ್‌ಸಿ ಅಂದರೆ ಲೈನ್ ಕ್ಲಿಯರ್, ಒಂದು ಕರಾರು. ನಾನು ತಂತಿಯ ಮೇಲೆ ಇದ್ದೇನೆ, ನಾನೇ ವಾಪಸ್ ಬಂದು ಕೆಲಸ ಮುಗಿಯಿತು ಅನ್ನುವವರೆಗೆ ಲೈನ್ ಚಾಲೂ ಮಾಡಬಾರದು ಅಂತ. ಆಮ್ರಪಾಲಿ ಸ್ವಿಚ್ ತೆಗೆದು ಬೀಗ ಹಾಕಿದಳು, "ಕೆಲಸ ನಡೆದಿದೆ" ಅನ್ನುವ ಬೋರ್ಡು ತೂಗುಹಾಕಿದಳು. ಮಳೆಯಲ್ಲೇ ಉತ್ತಮ ಹೊರಟ.

ಬಹಳ ಹೊತ್ತಾಗಿರಲಿಲ್ಲ. ಗೇಟಿನ ಹತ್ತಿರ ಬೈಕು ನಿಂತಿತು. ಕೇಶರಬಾಯಿಯ ಮಗ ನಾಗನಾಥ. ಹಿಂದೆ ಕೇಶರಬಾಯಿ, ಇಬ್ಬರ ನಡುವೆ ಚಾದರದಲ್ಲಿ ಸುತ್ತಿದ ಪೂನಂ. ಹುಡುಗಿಗೆ ಉಬ್ಬಸ. ಎದೆ ಏರಿ ಇಳಿಯುತ್ತಿತ್ತು, ತುಟಿ ಬಣ್ಣಗೆಟ್ಟಿತ್ತು.

"ಉಗಿ ಕೊಡೋ ಮಷಿನ್ ಮನ್ಯಾಗ ಅದ, ಕರೆಂಟೇ ಇಲ್ಲ!" ಕೇಶರಬಾಯಿ ಗೇಟಿನಿಂದಲೇ ಕೂಗಿದಳು. "ಬಸವಕಲ್ಯಾಣ ದವಾಖಾನಿಗೆ ಹೋಗಬೇಕಂದ್ರ ರಸ್ತಾದಾಗ ಗಿಡ ಬಿದ್ದಾವ. ಜರಾ ಹಾಕವ್ವಾ, ಕೂಸಿನ ಜೀವ ಹೊಂಟದ!"

ಆಮ್ರಪಾಲಿ ಪೂನಂಳ ಮುಖ ನೋಡಿದಳು. ತನ್ನ ಕೋಣೆಯ ಬಾಗಿಲಲ್ಲಿ ನಿಂತು ಹೋಗುತ್ತಿದ್ದ ಹುಡುಗಿ ಅದು.

"ಆಗಲ್ಲ ಕಾಕು. ಉತ್ತಮಣ್ಣ ಕಂಬದ ಮ್ಯಾಲ ಅದಾನ."

"ಫೋನ್ ಹಚ್ಚು ಅವಗ!"

"ಹಚ್ಚಿದ್ರೂ ನಡೆಯಲ್ಲ. ಅವನು ಎದುರಿಗಿ ಬಂದು ಹೇಳಬೇಕು. ಫೋನಿನ ಮಾತು ಒಂದ್ ಅಕ್ಷರ ತಪ್ಪಿದ್ರ ಅವನ ಹೆಣ ಇಳಸಬೇಕಾಗ್ತದ."

ನಾಗನಾಥ ಒಳಗೆ ನುಗ್ಗಿದ. "ಯಾವ್ದು ಸ್ವಿಚ್? ತೋರಸು. ನಾನೇ ಹಾಕ್ತೀನಿ."

ಆಮ್ರಪಾಲಿ ಪ್ಯಾನಲಿಗೆ ಅಡ್ಡ ನಿಂತಳು. "ಅಣ್ಣಾ, ನನ್ನ ಬೈರಿ. ಇದನ್ನ ಮುಟ್ಟಬ್ಯಾಡ್ರಿ. ಅವನಿಗೂ ಮನ್ಯಾಗ ಕೂಸು ಅದಾವ."

ನಾಗನಾಥನ ಕೈ ಇಳಿಯಿತು. ಆಗಲೇ ಆಕೆಗೆ ಹೊಳೆಯಿತು. ಸ್ಟೇಷನ್ನಿನ ಲೈಟು ಉರಿಯುತ್ತಿತ್ತು! ಹೋಗಿದ್ದು ಊರಿನ ಲೈನು. ಹುಮನಾಬಾದಿನಿಂದ ಸ್ಟೇಷನ್ನಿಗೆ ಬರುವ ಲೈನು ಚಾಲೂ ಇತ್ತು.

"ಮಷಿನ್ ಇಲ್ಲಿಗೇ ತರ್ರಿ ಅಣ್ಣಾ, ಜಲ್ದಿ!"

ಹೊರಗಿನವರು ಒಳಗೆ ಕೂರುವ ಹಾಗಿಲ್ಲ. ಆಕೆ ಶಾಖಾಧಿಕಾರಿಗೆ ಫೋನು ಮಾಡಿದಳು. "ಟ್ರಾನ್ಸ್‌ಫಾರ್ಮರ್ ಇರೋ ಯಾರ್ಡಿಗೆ ಬಿಡಬ್ಯಾಡ. ಆಫೀಸ್ ಕೋಣಿಯಾಗ ಕೂಡಸು" ಅಂದರು ಅವರು.

ನಾಗನಾಥ ವರ್ಷಾಳನ್ನು ಕರೆದುಕೊಂಡು, ಮಷಿನ್ ಹಿಡಿದುಕೊಂಡು ಬಂದ. ಮಷಿನ್ ಗುರುಗುಟ್ಟಿತು. ವರ್ಷಾ ಮಗಳ ಮೂಗಿಗೆ ಮಾಸ್ಕ್ ಹಿಡಿದಳು. ನಿಧಾನಕ್ಕೆ ಹುಡುಗಿಯ ಉಸಿರು ಹದಕ್ಕೆ ಬಂತು, ನಿದ್ದೆ ಹತ್ತಿತು.

ಫೋನು ರಿಂಗಾಯಿತು. ಹುಮನಾಬಾದು. ಆಮ್ರಪಾಲಿ ಲೆಕ್ಕ ಹೇಳಿ ಇಟ್ಟಳು. ಕೇಶರಬಾಯಿ ನೋಡುತ್ತಿದ್ದಳು.

"ಯಾರವ್ವಾ ಅವರು?"

"ಮ್ಯಾಲಿನವರು ಕಾಕು. ದೇವರಲ್ಲ." ಆಮ್ರಪಾಲಿಗೆ ಸಣ್ಣಗೆ ನಗು ಬಂತು. "ನಮ್ಮಂಗ ಕುರ್ಚಿ ಮ್ಯಾಲ ಕೂತವರೇ."

"ಹಂಗಂದ್ರ ಕರೆಂಟಿನ ಮಾಲಕ ಯಾರು?"

"ಒಬ್ಬರಲ್ಲ. ಕೆಲಸದ ಜಿಮ್ಮೇದಾರಿ ಹಂಚಿಕೊಂಡಾರ. ಕರೆಂಟ್ ತಯಾರ ಮಾಡೋರೇ ಬ್ಯಾರೆ. ಹೊಲದಾಗ ದೊಡ್ಡ ಟವರ್ ನೋಡೀರಲ್ಲ, ಅದೂ ಹುಮನಾಬಾದಿನ ದೊಡ್ಡ ಸ್ಟೇಷನ್ನೂ ಪ್ರಸರಣ ನಿಗಮದವು. ದೂರದಿಂದ ಹೊತ್ತು ತರೋದು ಅವರ ಕೆಲಸ. ಈ ಸಣ್ಣ ಸ್ಟೇಷನ್, ಊರಾಗಿನ ಕಂಬ, ಓಣ್ಯಾಗಿನ ಟಿಸಿ ಅಂದ್ರ ಸಣ್ಣ ಟ್ರಾನ್ಸ್‌ಫಾರ್ಮರ್, ನಿಮ್ಮ ಮನಿ ಮೀಟರ್ ತನಕ ಸರಬರಾಜು ಕಂಪನಿದ್ದು. ಬಿಲ್ ಕೊಡೋರೂ ಅವರೇ."

"ಮತ್ತ ಆ ಮದುವಿ ದಿನ ತೆಗೀರಿ ಅಂದವರು?"

"ಬೆಂಗಳೂರಾಗ ಒಂದು ಕೇಂದ್ರ ಅದ. ಇಡೀ ರಾಜ್ಯಕ್ಕ ಎಷ್ಟು ಕರೆಂಟ್ ಬರಾಕತ್ತದ, ಎಷ್ಟು ಖರ್ಚಾಗಾಕತ್ತದ ಅಂತ ಹಗಲಿ ರಾತ್ರಿ ನೋಡ್ತದ. ಅದರ ಮ್ಯಾಲ ದಕ್ಷಿಣದ ರಾಜ್ಯಗಳಿಗೆಲ್ಲ ಸೇರಿ ಇನ್ನೊಂದು. ಬರೋದಕ್ಕಿಂತ ಖರ್ಚು ಹೆಚ್ಚಾದ್ರ ಎಲ್ಲಾರ ಲೈನೂ ಒಮ್ಮಿಗೇ ಬಂದ್ ಬೀಳೋ ಅಂಜಿಕಿ. ಅದಕ್ಕ ಅಲ್ಲಲ್ಲಿ ಸ್ವಲ್ಪ ಹೊತ್ತು ತೆಗೀರಿ ಅಂತ ಹುಕುಂ ಬರ್ತದ. ಅವತ್ತು ನಮ್ಮ ಪಾಳಿ ಬಂತು. ನಾವೆಲ್ಲ ತೆಗೀದೇ ಇದ್ದಿದ್ರ ಎಷ್ಟೋ ಊರು ಕತ್ತಲಾಗ್ತಿತ್ತು ಕಾಕು. ಆ ಊರಾಗೂ ದವಾಖಾನಿ ಇರ್ತಾವ."

ಕೇಶರಬಾಯಿ ಸೆರಗಿನ ತುದಿ ಬೆರಳಿಗೆ ಸುತ್ತುತ್ತ ಕೂತಳು. "ಇದೆಲ್ಲ ಮೊದಲೇ ಯಾಕ ಹೇಳಲಿಲ್ಲ?"

"ಕೇಳೋರು ಯಾರಿದ್ರು?"

ವರ್ಷಾ ತಲೆ ತಗ್ಗಿಸಿದಳು.

ಮಳೆ ನಿಂತ ಮೇಲೆ ಉತ್ತಮ ಬಂದ. ಅಂಗಿ ಹರಿದಿತ್ತು, ಕೈಗೆ ಜಾಲಿ ಮುಳ್ಳು ಗೀರಿತ್ತು. "ಕೆಲಸ ಆಯ್ತು ಮೇಡಂ. ಕೆಳಗ ಇಳದು ಬಂದೀನಿ" ಅಂತ ಹೇಳಿ ಸಹಿ ಹಾಕಿದ. ನಾಗನಾಥ ಅವನ ಮುಖವನ್ನೇ ನೋಡಿದ. ಆಮೇಲೆ ತನ್ನ ಟವಲು ತೆಗೆದು ಅವನ ಕೈಗೆ ಕೊಟ್ಟ. ಆಮ್ರಪಾಲಿ ಬೀಗ ತೆಗೆದು ಸ್ವಿಚ್ ಹಾಕಿದಳು.

ರಸ್ತೆಯ ಮರ ತೆಗೆದಿದ್ದಾರೆ ಅಂತ ಸುದ್ದಿ ಬಂತು. ಪೂನಂಳನ್ನು ಡಾಕ್ಟರಿಗೆ ತೋರಿಸಲು ಅಪ್ಪ ಅಮ್ಮ ಬಸವಕಲ್ಯಾಣಕ್ಕೆ ಹೊರಟರು. ಉತ್ತಮನೂ ಹೋದ. ಕೋಣೆ ಮತ್ತೆ ಖಾಲಿಯಾಯಿತು. ಅಷ್ಟು ಜನ ಕೂತು ಎದ್ದ ಮೇಲೆ ಟ್ರಾನ್ಸ್‌ಫಾರ್ಮರಿನ ಶಬ್ದ ಎಂದಿಗಿಂತ ಜೋರಾಗಿ ಕೇಳಿಸಿತು. ಆಮ್ರಪಾಲಿ ಮುಖಕ್ಕೆ ಕೈ ಹಚ್ಚಿ ಸ್ವಲ್ಪ ಅತ್ತಳು.

ತಲೆ ಎತ್ತಿದರೆ ಕೇಶರಬಾಯಿ ಹೋಗಿರಲಿಲ್ಲ. ಹೊರಗಿನ ಕಟ್ಟೆಯ ಮೇಲೆ ಕೂತಿದ್ದಳು.

"ಬೈಕ್ ಮ್ಯಾಲ ಜಾಗಾ ಇರಲಿಲ್ಲೇನು ಕಾಕು?"

"ಇತ್ತು. ನಿನ್ನ ಡ್ಯೂಟಿ ಮುಗಿಯೋತನ ಕೂಡ್ತೀನಿ. ಇಬ್ಬರೂ ಕೂಡಿ ನಡಕೊಂತ ಹೋಗೂಣು."

ಓದುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಮುಂದಿನ ಸಲ ನಿಮ್ಮೂರಲ್ಲಿ ಕರೆಂಟ್ ಹೋದಾಗ ಒಂದು ಗಳಿಗೆ ಹೊರಗೆ ಬಂದು ನೋಡಿ. ನಿಮ್ಮ ಮನೆ ಮಾತ್ರ ಕತ್ತಲೋ, ಓಣಿಯೋ, ಇಡೀ ಊರೋ? ಮನೆಯಾದರೆ ವೈರು ಇಲ್ಲವೇ ಮೀಟರಿನ ತೊಂದರೆ ಇರಬಹುದು, ಓಣಿಯಾದರೆ ಟಿಸಿಯದು, ಸುತ್ತಲಿನ ಹಳ್ಳಿಗಳೂ ಕತ್ತಲಾದರೆ ತೊಂದರೆ ದೊಡ್ಡ ಲೈನಿನಲ್ಲಿರಬಹುದು. ನೋಡಿದ್ದನ್ನು ವಿದ್ಯುತ್ ಸಹಾಯವಾಣಿ 1912ಕ್ಕೆ ಫೋನ್ ಮಾಡಿ ಹೇಳಿ, ಬಿಲ್ಲಿನ ಮೇಲಿನ ಗ್ರಾಹಕ ನಂಬರ್ ಕೊಡಿ. ಕೆಲಸ ಆಗದಿದ್ದರೆ ಮತ್ತೆ ಕೇಳಿ, ಅದು ನಿಮ್ಮ ಹಕ್ಕು. ಆದರೆ ನೀವೇ ಕಂಬ ಹತ್ತಬೇಡಿ, ಬಿದ್ದ ತಂತಿಯ ಹತ್ತಿರ ಹೋಗಬೇಡಿ, ಆಪರೇಟರಿಗೆ "ಜರಾ ಹಾಕು" ಅಂತ ಗಂಟು ಬೀಳಬೇಡಿ. ಆ ಹೊತ್ತಿಗೆ ತಂತಿಯ ಮೇಲೆ ಯಾರದೋ ಮನೆಯ ಮಗ ಇರಬಹುದು. ಇನ್ನು, ಊರ ಹೊರಗಿನ ಆ ಒಂಟಿ ಕೋಣೆಯಲ್ಲಿ ಕೂತು ಕೆಲಸ ಮಾಡುವವರ ಮನೆ ನಿಮ್ಮ ಓಣಿಯಲ್ಲೇ ಇದ್ದರೆ, ಎದುರು ಸಿಕ್ಕಾಗ "ಊಟ ಆಯ್ತೇನು?" ಅಂತ ಒಂದು ಮಾತು ಕೇಳಿ.