ಪುಕ್ಕಟೆ ಸುಲಿದ ಕಾಯಿ

ಹಾಲಸ್ವಾಮಿ ಊರಿನ ಯುವಕರ ಸಂಘಕ್ಕೆ ಕಾರ್ಯದರ್ಶಿಯಾಗಿ ಆರು ತಿಂಗಳಾಗಿತ್ತು. ಆ ಆರು ತಿಂಗಳಲ್ಲಿ ಅವನ ಕಾಲು ನೆಲದ ಮೇಲಿದ್ದದ್ದೇ ಕಡಿಮೆ. ಲೆಟರ್‌ಹೆಡ್ಡು ಮಾಡಿಸಿದ, ರಬ್ಬರ್ ಸ್ಟಾಂಪು ಮಾಡಿಸಿದ, ಮನೆಗೆ ಬರೆಯುವ ಕಾಗದಕ್ಕೂ ಅದನ್ನೇ ಒತ್ತಿದ. ಎಂಬತ್ತಮೂರನೇ ಇಸವಿಯ ಜನವರಿಯಲ್ಲಿ ಒಂದು ಭಾನುವಾರ ಗೊತ್ತುಮಾಡಿ ಕರಪತ್ರ ಹಂಚಿದ. ಬೆಳಗ್ಗೆ ಊರಿಂದ ಹೊನ್ನವಳ್ಳಿಗೆ ಹೋಗಿಬರುವ ಓಟ, ಆಮೇಲೆ ಸಂಜೆಯವರೆಗೆ ಸೇವೆ. ಸೇವೆ ಏನಪ್ಪಾ ಅಂದರೆ, ಸಿದ್ದಕ್ಕನ ಮನೆಯ ಸಾವಿರ ಕಾಯಿಯನ್ನು ಪುಕ್ಕಟೆಯಾಗಿ ಸುಲಿದುಕೊಡುವುದು. ಸಾವಿರ ಅನ್ನುವ ಲೆಕ್ಕ ಸಿದ್ದಕ್ಕ ಕೊಟ್ಟದ್ದಲ್ಲ. ಕರಪತ್ರದಲ್ಲಿ ಚೆನ್ನಾಗಿ ಕಾಣುತ್ತದೆ ಅಂತ ಈ ಮಹಾರಾಯನೇ ಹಾಕಿದ್ದು.

ಸಿದ್ದಕ್ಕ ಗಂಡನನ್ನು ಕಳೆದುಕೊಂಡವಳು. ಇದ್ದ ಮೂವತ್ತು ಮರದಲ್ಲೇ ಬದುಕು ಮಾಡಿ, ಮಗಳು ನಿಂಗಮ್ಮನನ್ನು ಚಿಕ್ಕನಾಯಕನಹಳ್ಳಿಗೆ ಕೊಟ್ಟಿದ್ದಳು. ಪ್ರತಿ ವರ್ಷ ತನ್ನ ಕಾಯಿ ತಾನೇ ಸುಲಿಯುತ್ತಿದ್ದ ಹೆಂಗಸು ದೀಪಾವಳಿ ಮುಂದೆ ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡಿದ್ದಳು. ನಿಂಗಮ್ಮ ಚೊಚ್ಚಲ ಹೆರಿಗೆಗೆ ಬಂದು ಕೂತಿದ್ದಳು. ಬಾಣಂತನದ ಖರ್ಚಿಗೆ ಅಟ್ಟದ ಮೇಲಿನ ಕಾಯಿ ಬಿಟ್ಟರೆ ಬೇರೆ ದಿಕ್ಕಿರಲಿಲ್ಲ.

ಅಟ್ಟದ ಸಂಗತಿ ಆ ಸೀಮೆಯ ಎಳೆಮಗುವಿಗೂ ಗೊತ್ತು. ಕಾಯಿಯನ್ನು ಮೇಲಿನ ನಾರಿನ ಮಟ್ಟೆ ಸಮೇತ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಡಬೇಕು. ನೀರು ತಾನಾಗಿ ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಒಳಗೆ ಗಡಗಡ ಅನ್ನಬೇಕು. ಆಗ ಸುಲಿದು ಒಡೆದರೆ ಉಂಡೆ ಕೊಬ್ಬರಿ. ನೀರಿರುವಾಗಲೇ ಮಟ್ಟೆ ಸುಲಿದರೋ, ಅದು ಅತ್ತ ಹಸಿಕಾಯಿಯೂ ಅಲ್ಲ, ಇತ್ತ ಕೊಬ್ಬರಿಯೂ ಅಲ್ಲ. ಅದಕ್ಕೇ ಒಂದೊಂದನ್ನೂ ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿಯೇ ಸುಲಿಯುವುದು.

ಓಟ ಚೆನ್ನಾಗಿಯೇ ಆಯಿತು. ಹುಡುಗರು ಬೆವರು ಸುರಿಸಿಕೊಂಡು ಬಂದು, ಉಪ್ಪಿಟ್ಟು ತಿಂದು, ಸಿದ್ದಕ್ಕನ ಅಂಗಳದಲ್ಲಿ ಕಾಯಿ ಸುಲಿಯಲು ಆರು ಹಾರೆ ನೆಟ್ಟರು.

"ಅಟ್ಟದ ಎಡಗಡೆದು ಹೋದ ಶಿವರಾತ್ರೀಲಿ ಹಾಕಿದ್ದು ಕಣ್ರಪ್ಪಾ, ಅದು ಒಣಗೈತೆ. ಬಲಗಡೆದು ಗೌರಿ ಹಬ್ಬದ್ದು, ಅದನ್ನ ಮುಟ್ಬೇಡಿ," ಎಂದಳು ಸಿದ್ದಕ್ಕ.

"ನೀನು ಸುಮ್ಕೆ ಕೂತ್ಕೊ ಸಿದ್ದಕ್ಕ. ತೆಂಗಿನ ಬುಡದಾಗೆ ಹುಟ್ಟಿದೋರ್ಗೆ ಹೇಳ್ಕೊಡ್ತೀಯಾ?" ಎಂದ ಹಾಲಸ್ವಾಮಿ. ಹುಡುಗರು ನಕ್ಕರು. ಸಿದ್ದಕ್ಕನೂ ನಕ್ಕಳು.

ಮಧ್ಯಾಹ್ನ ಎರಡೂವರೆಗೆ ಅಟ್ಟದ ಮೇಲಿಂದ ಕೂಗು ಬಂತು, ಎಡಗಡೆ ಖಾಲಿ ಅಂತ. ಎಣಿಸಿದರೆ ಏಳುನೂರು. ನಾಲ್ಕು ಗಂಟೆಗೆ ತಿಪಟೂರಿನಿಂದ ಅಧಿಕಾರಿಗಳು ಬರುವವರಿದ್ದರು. ಅವರು ಮನಸ್ಸು ಮಾಡಿದರೆ ಸಂಘಕ್ಕೊಂದು ಕಟ್ಟಡ ಆಗುವ ಹಾಗಿತ್ತು. ಕರಪತ್ರದಲ್ಲಿ ಸಾವಿರ, ಅಂಗಳದಲ್ಲಿ ಏಳುನೂರು. ಹಾಲಸ್ವಾಮಿಗೆ ತಲೆ ಕೆಟ್ಟುಹೋಯಿತು.

"ಬಲಗಡೆದೂ ಇಳಿಸ್ರಲಾ. ಅರ್ಧಕ್ಕರ್ಧ ಒಣಗಿರ್ತವೆ. ಅಲ್ಲಾಡ್ಸಿ ನೋಡ್ಕೊಂಡು ಸುಲೀರಿ."

ಹತ್ತು ನಿಮಿಷ ಅಲ್ಲಾಡಿಸಿದರು. ಆಮೇಲೆ ಯಾರಿಗೆ ಪುರುಸೊತ್ತು? ಆ ಹಾರೆಗೂ ಈ ಹಾರೆಗೂ ಪೈಪೋಟಿ ಬಿದ್ದು, ಕೈಗೆ ಸಿಕ್ಕಿದ್ದೆಲ್ಲ ಸುಲಿದದ್ದೇ. ಬಾಗಿಲಲ್ಲಿ ಕೂತ ಸಿದ್ದಕ್ಕ, "ಬ್ಯಾಡ ಕಣ್ರಪ್ಪಾ, ಅವು ಹಸಿ," ಎಂದಳು. ಇನ್ನೊಂದು ಸಲವೂ ಅಂದಳು. ಮೂರನೇ ಸಲ ಅನ್ನಲಿಲ್ಲ.

ಹಾಲಸ್ವಾಮಿಯ ಗೆಳೆಯ ಲಕ್ಕಯ್ಯ ಸುಲಿದ ಕಾಯಿಯೊಂದನ್ನು ತಂದು ಅವನ ಕಿವಿಯ ಹತ್ತಿರ ಅಲ್ಲಾಡಿಸಿದ. "ಲೇ, ನೀರಾಡ್ತೈತೆ ಕಣ್ಲಾ. ಇವೆಲ್ಲ ಹಿಂಗೇ ಅವೆ."

ಹಾಲಸ್ವಾಮಿಗೆ ಸ್ಪಷ್ಟವಾಗಿ ಕೇಳಿಸಿತು. ಅಲ್ಲಿಗೇ ನಿಲ್ಲಿಸಿದ್ದರೆ ನೂರು ಕಾಯಿಯ ನಷ್ಟದಲ್ಲಿ ಮುಗಿಯುತ್ತಿತ್ತು. ಅವನು ಮಾಡಿದ್ದೇನು? ಆ ಕಾಯಿಯನ್ನು ಇಸಿದುಕೊಂಡು ರಾಶಿಯ ಅಡಿಗೆ ತಳ್ಳಿದ. "ಹೊತ್ತಾಯ್ತು, ಸುಲೀರಿ ಸುಲೀರಿ," ಎಂದ. ಜೀವಮಾನದಲ್ಲಿ ಅದನ್ನು ನೆನೆಸಿಕೊಂಡಾಗಲೆಲ್ಲ ಅವನಿಗೆ ಮೈ ಹಿಡಿಯಾಗುತ್ತಿತ್ತು.

ಅಧಿಕಾರಿಗಳು ಬೀದರ್ ಕಡೆಯಿಂದ ಹೊಸದಾಗಿ ವರ್ಗವಾಗಿ ಬಂದವರು. ಸಂಭಾವಿತ ಮನುಷ್ಯ. ಅಂಗಳಕ್ಕೇ ಮೈಕು ಬಂದಿತ್ತು. ಸಾವಿರ ಕಾಯಿಯ ರಾಶಿ ನೋಡಿ ಸಂತೋಷಪಟ್ಟು, ಹಾಲಸ್ವಾಮಿಗೆ ಹಾರ ಹಾಕಿ, ಇಂಥ ಯುವಕರು ಊರಿಗೊಬ್ಬರಿದ್ದರೆ ಸಾಕು ಎಂದರು. ಆಮೇಲೆ ಪ್ರೀತಿಯಿಂದ ಬಗ್ಗಿ ಒಂದು ಕಾಯಿ ಎತ್ತಿಕೊಂಡು, ಮೈಕಿನ ಮುಂದೆಯೇ ಅಲ್ಲಾಡಿಸಿದರು.

ಕೊಳಕ್ ಕೊಳಕ್ ಎಂದು ಹಾರನ್ನಿನಲ್ಲಿ ಇಡೀ ಊರಿಗೆ ಕೇಳಿಸಿತು.

"ಓಹೋ, ನೀರು ಭರ್ತಿ ಅದ!" ಎಂದು ಅಧಿಕಾರಿಗಳು ಹಿಗ್ಗಿದರು.

ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ. ಗಂಡಸರು ಮುಖ ಮುಖ ನೋಡಿಕೊಂಡರು. ಹೆಂಗಸರು ಸಿದ್ದಕ್ಕನನ್ನು ನೋಡಿದರು. ಹಾಲಸ್ವಾಮಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಷ್ಟರಲ್ಲಿ ಯಾರೋ ಸಿದ್ದಕ್ಕನ ಮುಂದೆ ಮೈಕು ಹಿಡಿದರು.

ಸಿದ್ದಕ್ಕ ಕೋಲೂರಿಕೊಂಡು ಎದ್ದು ನಿಂತಳು. "ನಾನೇನ್ ಹೇಳ್ಲಿ ಸ್ವಾಮಿ. ಹುಡುಗ್ರು ಒಳ್ಳೇರು. ಓಡಿ ಬಂದು, ಇಷ್ಟೊತ್ತು ದುಡ್ದವ್ರೆ. ಒಂದೊಂದು ಲೋಟ ಮಜ್ಜಿಗೇನೂ ಕೊಡಾಕಾಗ್ಲಿಲ್ಲ ನನ್ನ ಕೈಲಿ."

ಅವಳು ಒಂದು ಬೈಗುಳ ಬೈದಿದ್ದರೂ ಹಾಲಸ್ವಾಮಿ ತಡೆದುಕೊಳ್ಳುತ್ತಿದ್ದ. ಮೈಕು ಪಕ್ಕದಲ್ಲೇ ಇತ್ತು. ತಪ್ಪು ನಂದು ಅಂತ ಮೂರು ಮಾತು ಹೇಳಬಹುದಿತ್ತು. ಅದು ಬಿಟ್ಟು, ವಂದನಾರ್ಪಣೆ ಮಾಡಿ ಕೂತ.

ಜೀಪು ಹೋದ ಮೇಲೆ ಅವನೊಬ್ಬನೇ ವಾಪಸು ಬಂದ. ತಾಯಿ ಮಗಳಿಬ್ಬರೂ ರಾಶಿಯ ಮುಂದೆ ಕೂತು ಕಾಯಿ ಅಲ್ಲಾಡಿಸಿ ಅಲ್ಲಾಡಿಸಿ ಬೇರೆ ಮಾಡುತ್ತಿದ್ದರು. ಏಳು ತಿಂಗಳ ಬಸುರಿ ನಿಂಗಮ್ಮ ಅವನನ್ನು ನೋಡಿ ಮುಖ ತಿರುಗಿಸಿದಳು.

"ಸಿದ್ದಕ್ಕ, ನಮ್ಮನೆ ಅಟ್ಟದಿಂದ ಮುನ್ನೂರು ಕಾಯಿ ತಂದು ಹಾಕ್ತೀನಿ."

"ಯಾಕೆ? ಇವತ್ತಿನ ಧರ್ಮವೇ ಅರಗಿಲ್ಲ, ನಾಳಿಕ್ಕೆ ಇನ್ನೊಂದಾ? ನಿಮ್ಮಪ್ಪನ ಕಾಯಿ ನಂಗ್ಯಾಕಪ್ಪ."

"ಆಗ್ಲೇ ಯಾಕೆ ಬೈಲಿಲ್ಲ ನೀನು? ಹಾರೆ ಕಿತ್ತು ಬಿಸಾಕಿದ್ರೆ ನಿಲ್ಲಿಸ್ತಿದ್ವಿ."

ಸಿದ್ದಕ್ಕ ಕೈಯಲ್ಲಿದ್ದ ಕಾಯಿ ಕೆಳಗಿಟ್ಟಳು. "ಪುಕ್ಕಟೆ ಮಾಡಾಕೆ ಬಂದೋರ್ನ ಹೆಂಗಪ್ಪ ಬೈಯೋದು? ಕೂಲಿ ಕೊಟ್ಟು ಕರ್ದಿದ್ರೆ ಮಾತು ಬೇರೆ. ಧರ್ಮಕ್ಕೆ ಮೈ ಮುರಿದವ್ರೆ, ಇವ್ಳಿಗೆ ಎಷ್ಟು ಕೊಬ್ಬು ಅನ್ನಾಕಿಲ್ವಾ ಜನ? ಅದಕ್ಕೇ ಬಾಯಿ ಮುಚ್ಕೊಂಡೆ."

ಹಾಲಸ್ವಾಮಿಗೆ ಆಗ ಹೊಳೆಯಿತು. ಕಾಯಿ ಕೆಡಿಸಿದ್ದಷ್ಟೇ ಅಲ್ಲ, ತನ್ನ ಸೇವೆ ಈ ಹೆಂಗಸಿನ ಬಾಯಿಯನ್ನೂ ಕಟ್ಟಿಹಾಕಿತ್ತು. ಅವನು ಕೈ ಚಾಚಿದ.

"ಹಂಗಾದ್ರೆ ಕೂಲಿ ಕೊಡು."

"ಏನು?"

"ಕೂಲಿ ಕೊಟ್ಟು ಬೈಯಿ ಸಿದ್ದಕ್ಕ. ಇಲ್ಲದಿದ್ರೆ ನನ್ನ ಕೈಲಿ ಊರಾಗೆ ತಲೆ ಎತ್ಕೊಂಡು ಓಡಾಡಾಕಾಗಲ್ಲ."

ಸಿದ್ದಕ್ಕ ಅವನನ್ನೇ ದಿಟ್ಟಿಸಿದಳು. ಸೊಂಟದ ಎಲೆಯಡಿಕೆ ಚೀಲ ಬಿಚ್ಚಿ, ಒಂದು ರೂಪಾಯಿ ಹುಡುಕಿ ಅವನ ಅಂಗೈಗೆ ಹಾಕಿದಳು. ಅವನು ಮುಷ್ಟಿ ಮುಚ್ಚಿದ.

"ಅಯೋಗ್ಯ ನನ್ಮಗನೇ!" ಸಿದ್ದಕ್ಕನ ದನಿಗೆ ಎದುರು ಮನೆಯ ಬಾಗಿಲು ತೆರೆಯಿತು. "ಎರಡು ಸಲ ಹೇಳಿದ್ನಲ್ಲೋ, ಕಿವೀಲಿ ಏನ್ ಇಟ್ಕೊಂಡಿದ್ದೆ? ನನ್ನ ಮಗಳ ಬಾಣಂತನಕ್ಕಿಂತ ನಿನ್ನ ಮೈಕು ಹೆಚ್ಚಾಯ್ತೇನ್ಲಾ? ಸಾವಿರ ಅಂತೆ ಸಾವಿರ! ಯಾರು ಕೇಳಿದ್ರು ನಿನ್ನ ಸಾವಿರಾನ?" ಬೈಯುತ್ತ ಬೈಯುತ್ತ ಅಳು ಬಂದು ಸೆರಗು ಬಾಯಿಗಿಟ್ಟುಕೊಂಡಳು. ಬೀದಿಯೆಲ್ಲ ಬಂದು ನಿಂತಿತ್ತು. ಹಾಲಸ್ವಾಮಿ ತಲೆ ಎತ್ತಲಿಲ್ಲ, ಅಲ್ಲಿಂದ ಕದಲಲೂ ಇಲ್ಲ.

ಸಿದ್ದಕ್ಕ ಕಣ್ಣೊರೆಸಿಕೊಂಡಳು. "ನಾಳೆ ಬೆಳಗ್ಗೆ ಬಾ. ಕೂಲಿ ಇಸ್ಕೊಂಡಿದೀಯ. ಈ ಮುನ್ನೂರೂ ಗಾಡೀಲಿ ಹಾಕ್ಕೊಂಡು ಸಂತೆಗೆ ಹೋಗಿ, ಬಂದಷ್ಟಕ್ಕೆ ಮಾರ್ಕೊಂಡು ಬಾ. ಇಂಥ ಹಸೀನ ಯಾರಪ್ಪ ಸುಲಿದದ್ದು ಅಂತ ಕೇಳೇ ಕೇಳ್ತಾರೆ. ಕೇಳ್ದೋರ್ಗೆಲ್ಲ ನೀನೇ ಹೇಳು."

"ಹ್ಞೂಂ," ಎಂದ ಹಾಲಸ್ವಾಮಿ.