ಸಾವಿರಕ್ಕೆ ಮೂರು

ನರ್ಸು ಎರಡನೇ ಚೊಂಬು ನೀರು ಹೊಯ್ಯುವಷ್ಟರಲ್ಲಿ, ಸತ್ತವಳ ನಾದಿನಿ ಎರಡೂ ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಹಿತ್ತಿಲಿಗೆ ಬಂದಳು. ಹಗ್ಗಕ್ಕೆ ಇಳಿಬಿಟ್ಟ ದುಪ್ಪಟಿಯ ಮರೆಯಲ್ಲಿ, ಉದ್ದನೆಯ ಬೆಂಚಿನ ಮೇಲೆ ಹೆಣವಿತ್ತು. ನಾದಿನಿ ಅಷ್ಟು ದೂರದಲ್ಲೇ ನಿಂತಳು.

"ಸೋಪು ಇಲ್ಲೇ ಇಡ್ತೀನಿ ಸಿಸ್ಟರ್. ನಂಗೆ ಸಕ್ಕರೆ ಕಾಯಿಲೆ ಬೇರೆ. ಒಂದಿದ್ದಿದ್ದು ಎರಡಾಗೋದು ಬೇಡ."

"ಮುಟ್ಟಿದ್ರೆ ಬರಲ್ಲ ಅಂತ ಹೇಳಿದ್ನಲ್ಲಮ್ಮ."

"ನೀವು ಓದ್ಕೊಂಡಿದೀರ, ಹೇಳ್ತೀರ."

ಸೋಪನ್ನು ನೆಲದ ಮೇಲಿಟ್ಟು ಕಾಲಿನಿಂದ ಮುಂದಕ್ಕೆ ತಳ್ಳಿ ಹೋದಳು. ನರ್ಸಿನ ಚೀಲದಲ್ಲಿ ಕೈಗವಸುಗಳಿದ್ದವು. ಅವಳು ತೆಗೆದಿರಲಿಲ್ಲ.

ಸತ್ತವಳು ಇಪ್ಪತ್ತೆರಡು ವರ್ಷ ಆಸ್ಪತ್ರೆಯ ಬಟ್ಟೆ ಒಗೆದವಳು. ಇಸ್ತ್ರಿಪೆಟ್ಟಿಗೆ ಮುಟ್ಟಿದವಳೇ ಅಲ್ಲ, ಆದರೂ ಎಲ್ಲರ ಬಾಯಲ್ಲಿ ಇಸ್ತ್ರಿಯಕ್ಕ. ಒದ್ದೆ ದುಪ್ಪಟಿಯ ಮೂಲೆ ಹಿಡಿದು ಎಳೆದು, ಒಣಗಿದ ಮೇಲೆ ಅಂಗೈಯಲ್ಲಿ ತಟ್ಟಿ ತಟ್ಟಿ ಮಡಚಿದರೆ ಸುಕ್ಕು ಹುಡುಕಿದರೂ ಸಿಗುತ್ತಿರಲಿಲ್ಲ. "ಹಾಸಿಗೆ ಹಿಡಿದೋರಿಗೆ ಸುಕ್ಕೂ ಒಂದು ನೋವೇ ಸಿಸ್ಟರ್" ಎನ್ನುತ್ತಿದ್ದಳು.

ದುಪ್ಪಟಿಯ ಆಚೆಯಿಂದ ನಾದಿನಿಯ ದನಿ ಕೇಳುತ್ತಿತ್ತು.

"ಗಂಡನಿಗೆ ಇಲ್ಲ, ಮಗಳಿಗೆ ಇಲ್ಲ. ಇವಳೊಬ್ಬಳಿಗೆ ಎಲ್ಲಿಂದ ಬಂತು?"

"ಬಿಡಿ, ಸತ್ತೋರ ವಿಷಯ ಯಾಕೀಗ?" ಎಂದಳು ಪಕ್ಕದ ಮನೆಯವಳು.

"ನಾನೇನು ಹೇಳಿದ್ನಾ? ಕೇಳಿದೆ ಅಷ್ಟೆ."

ಗಂಡ ಅಲ್ಲೇ ಕುರ್ಚಿಯಲ್ಲಿದ್ದ. ಹೆಂಡತಿಯ ತಟ್ಟೆ ಲೋಟ ಬೇರೆ ಇಟ್ಟು ಒಂದು ವರ್ಷ ಮುಖ ಕೊಟ್ಟು ಮಾತಾಡಿರಲಿಲ್ಲ.

ಮಗಳು ಮರೆ ಸರಿಸಿ ಒಳಗೆ ಬಂದಳು. ಗೋಡೆಗೆ ಒರಗಿ, ತಾಯಿಯನ್ನು ನೋಡದೆ ಕೇಳಿದಳು.

"ಸಿಸ್ಟರ್, ಆಸ್ಪತ್ರೇಲಿ ಅಮ್ಮನ ಜೊತೆ ಯಾರಾದ್ರೂ ಇದ್ರಾ?"

"ಯಾರು?"

"ಯಾರಾದ್ರೂ ಗಂಡಸು. ಕೇಳ್ದಾಗೆಲ್ಲ 'ನಂಗೊತ್ತಿಲ್ಲ ಕಣೇ, ಎಲ್ಲಿಂದ ಬಂತೋ ನಂಗೊತ್ತಿಲ್ಲ' ಅಂತಾನೇ ಅಂದ್ಲು. ನಾನು ನಂಬಲಿಲ್ಲ. ಮೂರು ತಿಂಗಳು ಈ ಕಡೆ ತಲೇನೂ ಹಾಕಲಿಲ್ಲ."

ನರ್ಸಿನ ಕೈಯಲ್ಲಿದ್ದ ಚೊಂಬು ಅಲ್ಲೇ ನಿಂತಿತು.

*

ಎಂಟು ವರ್ಷದ ಹಿಂದಿನ ಮಾತು. ಮೂಲೆ ಹಾಸಿಗೆಯ ರೋಗಿಗೆ ಡ್ರಿಪ್ ಹಾಕುವಾಗ, ರಕ್ತನಾಳಕ್ಕೆ ಇಳಿಸಿದ ನಳಿಕೆ ಜಾರದಂತೆ ಒಂದು ಕೈಯಲ್ಲಿ ಒತ್ತಿ ಹಿಡಿದು ಇನ್ನೊಂದರಲ್ಲಿ ಪಟ್ಟಿ ಅಂಟಿಸಬೇಕು. ನಳಿಕೆಯೊಳಗಿಂದ ಹೊರಗೆಳೆದ ಸೂಜಿ ಹಿಡಿಯಲು ಮೂರನೇ ಕೈಯಿಲ್ಲ. ಹಾಗಾಗಿ ಎಲ್ಲ ನರ್ಸುಗಳೂ ಅದನ್ನು ಹಾಸಿಗೆಯ ಅಂಚಿಗೆ ಚುಚ್ಚಿ, ಆಮೇಲೆ ಕಿತ್ತು ಎಸೆಯುತ್ತಿದ್ದರು. ಹೊಸಬರಿಗೆ ಅದನ್ನು ಕಲಿಸಿಕೊಟ್ಟವಳೇ ಈ ನರ್ಸು. ಆ ದಿನ ಯಾರೋ ಕರೆದರು, ಹೋದಳು, ಮರೆತಳು. ಬೆಳಗ್ಗೆ ದುಪ್ಪಟಿ ಸುರುಳಿಯಾಗಿ ಒಗೆಯಲು ಹೋಯಿತು.

ಮಧ್ಯಾಹ್ನ ಇಸ್ತ್ರಿಯಕ್ಕ ಬೆರಳು ಹಿಡಿದುಕೊಂಡು ಬಂದಳು.

"ದುಪ್ಪಟೀಲಿ ಸೂಜಿ ಇತ್ತು ಸಿಸ್ಟರ್. ಒಂಚೂರು ಏನಾದ್ರೂ ಹಚ್ಚಿ."

ಮೂಲೆ ಹಾಸಿಗೆಯವನ ರಕ್ತದಲ್ಲಿ ಎಚ್‌ಐವಿ ಇರುವುದು ನರ್ಸಿಗೆ ಗೊತ್ತಿತ್ತು. ಹೇಳಿದರೆ ತಪ್ಪು ತನ್ನ ಹೆಸರಲ್ಲಿ ದಾಖಲಾಗುತ್ತದೆ. ಮುಂದಿನ ವಾರವೇ ಹೆಡ್ ನರ್ಸ್ ಯಾರೆಂದು ತೀರ್ಮಾನವಾಗುವುದಿತ್ತು.

"ಏನೂ ಆಗಲ್ಲ ಅಕ್ಕ" ಎಂದು ಸ್ಪಿರಿಟ್ ಹತ್ತಿ ಒತ್ತಿದಳು.

"ನೀವು ಹೇಳಿದ ಮೇಲೆ ಮುಗೀತು" ಎಂದು ಇಸ್ತ್ರಿಯಕ್ಕ ನಗುತ್ತಾ ಹೋದಳು.

ಒಂಬತ್ತನೇ ದಿನ ತರಬೇತಿಯಿತ್ತು. ಇಂಥ ಸೂಜಿ ಚುಚ್ಚಿದ ಸಾವಿರ ಜನರಲ್ಲಿ ಮೂವರಿಗೆ ಸೋಂಕು ತಗಲಬಹುದು ಎಂದರು ಡಾಕ್ಟರು. ಎಪ್ಪತ್ತೆರಡು ಗಂಟೆಯೊಳಗೆ ಔಷಧಿ ಶುರುಮಾಡಿ ಇಪ್ಪತ್ತೆಂಟು ದಿನ ಕೊಟ್ಟರೆ ಆ ಮೂವರನ್ನೂ ಬಹುತೇಕ ಉಳಿಸಿಕೊಳ್ಳಬಹುದು ಎಂದೂ ಹೇಳಿದರು. ನರ್ಸು ಗಂಟೆ ಲೆಕ್ಕ ಹಾಕಿದಳು. ಮೀರಿಹೋಗಿತ್ತು. ಆಗಲೂ ಹೇಳಬಹುದಿತ್ತು. ಪರೀಕ್ಷೆ ಮಾಡಿಸಿದ್ದರೆ, ಸೋಂಕು ಇದ್ದರೂ ಮಾತ್ರೆ ನುಂಗಿಕೊಂಡು ಇಸ್ತ್ರಿಯಕ್ಕ ಮೊಮ್ಮಕ್ಕಳನ್ನು ಆಡಿಸಬಹುದಿತ್ತು. ನರ್ಸು ಹೆಡ್ ನರ್ಸಾದಳು. ಬಟ್ಟೆಯ ಗಂಟು ಹೊತ್ತು ಇಸ್ತ್ರಿಯಕ್ಕ ಎದುರಾದಾಗಲೆಲ್ಲ ಮನಸ್ಸಿನಲ್ಲೇ ಸಾವಿರಕ್ಕೆ ಮೂರು, ಬರೀ ಮೂರು ಎಂದುಕೊಂಡಳು. ಏಳು ವರ್ಷ ಹಾಗೇ ಕಳೆಯಿತು. ಇಸ್ತ್ರಿಯಕ್ಕನ ಕೆಮ್ಮು ನಿಲ್ಲದೆ ರಕ್ತ ಪರೀಕ್ಷೆ ಮಾಡಿಸುವ ಹೊತ್ತಿಗೆ ಕ್ಷಯ ಶ್ವಾಸಕೋಶವನ್ನು ತಿಂದುಹಾಕಿತ್ತು. ಔಷಧಿಗಳು ತಡವಾಗಿ ಬಂದವು. ನರ್ಸು ವಾರವಾರ ಹಣ್ಣು ತಂದುಕೊಟ್ಟಳು, ಮಾತು ಮಾತ್ರ ತರಲಿಲ್ಲ.

*

"ಯಾವ ಗಂಡಸೂ ಇರಲಿಲ್ಲ" ಎಂದಳು ನರ್ಸು. "ಸೂಜಿ ಇತ್ತು. ನಾನು ಮರೆತು ಬಿಟ್ಟಿದ್ದು."

ಹಾಸಿಗೆ, ದುಪ್ಪಟಿ, ಸ್ಪಿರಿಟ್ ಹತ್ತಿ, ಒಂಬತ್ತನೇ ದಿನ, ಎಲ್ಲವನ್ನೂ ಪಿಸುದನಿಯಲ್ಲಿ ಹೇಳಿದಳು. ಮಗಳು ಗೋಡೆ ಬಿಟ್ಟು ನೆಟ್ಟಗೆ ನಿಂತಳು.

"ಜೋರಾಗಿ ಹೇಳಿ. ಅಪ್ಪಂಗೆ ಕೇಳಿಸ್ಲಿ."

ಇಷ್ಟು ವರ್ಷ ಒಳಗೇ ಉಳಿದದ್ದನ್ನು ಹಿತ್ತಿಲಿಗೆಲ್ಲ ಕೇಳುವಂತೆ ಹೇಳುವುದು ಸುಲಭವಿರಲಿಲ್ಲ. ಆದರೂ ಮೊದಲಿನಿಂದ ಮತ್ತೆ ಹೇಳಿದಳು.  ಆಚೆ ಗಂಡನ ಕುರ್ಚಿ ಒಮ್ಮೆ ಕಿರುಗುಟ್ಟಿತು.

"ಅಮ್ಮಂಗೆ ಗೊತ್ತಿತ್ತಾ?"

"ಇಲ್ಲ. ಏನೂ ಆಗಲ್ಲ ಅಂದಿದ್ನಲ್ಲ, ನಂಬಿಬಿಟ್ಲು. ನಂದು ತಪ್ಪಾಯ್ತಮ್ಮ..."

"ಯಾವ ಬೆರಳು?"

ನರ್ಸಿಗೆ ತಕ್ಷಣ ತಿಳಿಯಲಿಲ್ಲ.

"ಚುಚ್ಚಿದ್ದು ಯಾವ ಬೆರಳಿಗೆ?"

"ಎಡಗೈ. ಉಂಗುರದ ಬೆರಳು."

ಮಗಳು ನೆಲದ ಸೋಪು ಎತ್ತಿಕೊಂಡು ಬೆಂಚಿನ ಪಕ್ಕ ಮಂಡಿಯೂರಿದಳು. ತಾಯಿಯ ಎಡಗೈಯನ್ನು ಹತ್ತಿರಕ್ಕೆ ಎಳೆದು, ಬೆರಳ ತುದಿಯನ್ನು ಬೆಳಕಿಗೆ ತಿರುಗಿಸಿ ನೋಡಿದಳು. ಬಟ್ಟೆ ಒಗೆಯುವ ಸೋಡಾ ನೀರಲ್ಲಿ ಸವೆದ ಚರ್ಮದ ಮೇಲೆ ಯಾವ ಗುರುತೂ ಇರಲಿಲ್ಲ. ಆ ಒಂದೇ ಬೆರಳಿಗೆ ಸೋಪು ಹಚ್ಚಿ ಉಜ್ಜತೊಡಗಿದಳು. ನೊರೆ ಮೊಣಕೈವರೆಗೆ ಇಳಿಯಿತು.

ನರ್ಸು ಚೊಂಬಿನಲ್ಲಿ ನೀರು ತುಂಬಿ ಬಗ್ಗಿದಳು. ಮಗಳು ತಲೆಯೆತ್ತದೆ ಅವಳ ಕೈಯಿಂದ ಚೊಂಬು ತೆಗೆದುಕೊಂಡು, ತಾನೇ ಹೊಯ್ದಳು.