ಬಿಗಿದ ಸಂದು

ಮಾವನ ದೋಣಿ ಹಳೆಯದು. ಆದರೂ ಆಳುಗಳು ಅದನ್ನು ಕಣ್ಣು ಮುಚ್ಚಿ ಹತ್ತುತ್ತಿದ್ದರು. ಪ್ರತಿ ಮೀನಿನ ಹಂಗಾಮಿಗೆ ಮೊದಲು, ನೀರು ಒಳಬರದಂತೆ ಹಲಗೆಗಳ ಸಂದಿಗೆ ಹತ್ತಿಯ ಎಳೆ ತುಂಬುತ್ತಿದ್ದದ್ದು ಮಾವನ ಕೈ. ಆ ಕೈಯ ಮೇಲಿನ ನಂಬಿಕೆ ಅದು. ಈ ಸಲ ಮೊಣಕಾಲು ಕೈಕೊಟ್ಟಿದ್ದರಿಂದ ದೋಣಿಯ ಎಡಮಗ್ಗುಲನ್ನು ಯಾರಿಗೂ ಹೇಳದೆ ಅಳಿಯನಿಗೆ ಬಿಟ್ಟಿದ್ದರು.

"ಸಡಿಲವಾಗಿ ತುಂಬಪ್ಪ. ಒಣಗಿದ ಹಲಗೆ ನೀರು ಕುಡಿದು ಉಬ್ಬುತ್ತೆ. ಅದಕ್ಕೂ ಜಾಗ ಬೇಕಲ್ಲ."

"ಗೊತ್ತು ಮಾವ," ಎಂದ ಅಳಿಯ.

ಮಾವ ಊಟಕ್ಕೆ ಹೋದರು. ಅತ್ತ ಬಲೆ ಹೆಣೆಯುತ್ತಿದ್ದ ಮುದುಕ ಸುಮ್ಮನಿರಲಿಲ್ಲ.

"ಏನ್ ಅಳಿಯಂದ್ರೇ, ಮನೆಅಳಿಯ ಅಂದ್ರೆ ಊಟಕ್ಕೆ ಮೊದಲು, ಕೆಲಸಕ್ಕೆ ಕೊನೆ ಅಂತಾರೆ. ಇವತ್ತು ತಿರುಗಾಮುರುಗಾ ಆಯ್ತಲ್ಲ? ಮಾವ ತುಂಬಿದ್ದಕ್ಕೆ ಅಂಟು ಬಳಿಯೋಕೆ ಕೂತ್ರಾ?"

ಮನೆಅಳಿಯನಾಗಿ ಬಂದಾಗಿನಿಂದ ಇಂಥವನ್ನು ನುಂಗಿಕೊಂಡೇ ಬಂದವನು ಅವನು. ಒಂದು ಹನಿಯೂ ಒಳಬರದಂತೆ ಮಾಡಿ ತೋರಿಸುತ್ತೇನೆ ಎಂದು ಹಟ ಹುಟ್ಟಿತು. ಮುದುಕ ಎದ್ದು ಹೋದ ಮೇಲೆ, ಎಳೆಯ ಮೇಲೆ ಎಳೆ ಇಟ್ಟು, ಸುತ್ತಿಗೆಯಿಂದ ಬಡಿದು ಬಡಿದು ಬಿಗಿದ. ಮೇಲೆ ಅಂಟು ಬಳಿದ ಮೇಲೆ ಒಳಗೆಷ್ಟಿದೆ ಎಂದು ಯಾರಿಗೂ ಕಾಣುವಂತಿರಲಿಲ್ಲ.

ನೀರಿಗಿಳಿಸಿದ ದಿನ ಎಡಮಗ್ಗುಲು ಜಿನುಗಲೇ ಇಲ್ಲ. ಅಳಿಯ ಎದೆಯುಬ್ಬಿಸಿಕೊಂಡು ಮನೆಗೆ ಹೋದ. ಮರುದಿನ ಬೆಳಿಗ್ಗೆ ಬಂದು ನೋಡಿದರೆ ದೋಣಿ ಎಡಕ್ಕೆ ವಾಲಿ ಅರ್ಧ ಮುಳುಗಿತ್ತು. ಉಬ್ಬಲು ಜಾಗ ಸಿಗದ ಹಲಗೆಗಳು ಒಂದನ್ನೊಂದು ತಳ್ಳಿ, ಮೊಳೆ ಕಿತ್ತುಕೊಂಡು ಎದ್ದಿದ್ದವು.

ಎಲ್ಲರೂ ಸೇರಿ ದಡಕ್ಕೆ ಎಳೆದರು. ಬಲೆಯ ಮುದುಕ ಬಾಯ್ಬಿಟ್ಟ ಸಂದಿನೊಳಗೆ ಬೆರಳಿಟ್ಟು ನೋಡಿದ. ಮಾವನ ಕಡೆ ತಿರುಗಿದ ಅವನ ದನಿಯಲ್ಲಿ ತಮಾಷೆ ಇರಲಿಲ್ಲ.

"ಏನಯ್ಯಾ ಇದು? ಕಲ್ಲಿನ ಹಾಗೆ ತುರುಕಿದ್ದೀಯ. ಕೈಯ ಅಂದಾಜು ತಪ್ಪಿತಾ?"

ಆಳುಗಳು ಮಾವನ ಮುಖ ನೋಡಿದರು. ಮಾವ ಅಳಿಯನನ್ನು ನೋಡಿದರು. ಬಹಳ ಹೊತ್ತೇನಲ್ಲ, ಒಂದು ಮಾತು ಆಡಲು ಬೇಕಾದಷ್ಟು ಹೊತ್ತು. ಅಳಿಯ ಬಗ್ಗಿ ದೋಣಿಯೊಳಗಿನ ನೀರು ತೋಡತೊಡಗಿದ.

"ಹೌದು ಕಣೋ, ವಯಸ್ಸಾಯ್ತು," ಎಂದರು ಮಾವ.

ಆಳುಗಳಲ್ಲಿ ಹಿರಿಯವನು ತಲೆ ಕೆರೆದುಕೊಂಡ. "ತಪ್ಪು ತಿಳೀಬೇಡಿ ಅಣ್ಣ. ಮನೇಲಿ ಹೆಂಡ್ತಿ ಮಕ್ಕಳಿದ್ದಾರೆ. ಈ ಸಲ ಬೇರೆ ದೋಣಿಗೆ ಹೋಗ್ತೀವಿ."

"ಹೋಗ್ರಪ್ಪ. ನಾನಾದ್ರೂ ಹಾಗೇ ಮಾಡ್ತಿದ್ದೆ."

ಅವರು ದಡ ದಾಟಿ ಮರೆಯಾಗುವವರೆಗೂ ಅಳಿಯ ನೀರು ತೋಡುತ್ತಲೇ ಇದ್ದ. ಅಷ್ಟು ಹೊತ್ತೂ ಅವರು ಕೂಗಿದರೆ ಕೇಳಿಸುವಷ್ಟು ದೂರದಲ್ಲೇ ಇದ್ದರು.

"ಮಾವ..." ಎಂದ ಕೊನೆಗೆ.

ಮಾವ ಕಿತ್ತುಬಂದ ಹಲಗೆಯ ಮೇಲೆ ಕೂತು ಮೊಣಕಾಲು ನೀವಿಕೊಳ್ಳುತ್ತಿದ್ದರು.

"ಈಗ ನನಗೆ ಹೇಳಿ ಏನು ಮಾಡ್ತೀಯ?" ಎಂದರು. "ನನಗೆ ಗೊತ್ತಿರೋದೇ ಅಲ್ವಾ."